ಸಲ್ವಾಳ ಹನ್ನೊಂದು ಪುಟ

ಸ್ಫಾಕ್ಸ್
14 ಮೇ 2023

ಪ್ರಿಯ ಸಲ್ವಾ,

ನಾವೆಲ್ಲ ಕ್ಷೇಮ. ಹಬ್ಬಕ್ಕೆ ನೀನು ಬರೆದ ಕಾಗದಕ್ಕೆ ಮೂರು ವಾರ ತಡವಾಗಿ ಉತ್ತರಿಸುತ್ತಿದ್ದೇನೆ. ನೀನು ಬೈಯಬೇಕಾಗಿಲ್ಲ, ನನ್ನಾಕೆ ಮುನೀರಾ ದಿನಾ ಬೈದಿದ್ದಾಳೆ. "ಕಂಪ್ಯೂಟರಿಗೆ ದಿನಕ್ಕೆ ನೂರು ಸಾಲು ಬರೀತೀರಿ, ಸ್ನೇಹಿತೆಗೆ ನಾಕು ಸಾಲು ಬರೆಯೋಕೆ ಕೈ ನೋವಾ?" ಈ ಸಲ ಹಬ್ಬದ ಮೀನಿಗೆ ಅವಳು ಮಾಡಿದ ಷರ್ಮೂಲಾ ಗೊಜ್ಜಿಗೆ ಒಣದ್ರಾಕ್ಷಿ ಹೆಚ್ಚಾಗಿ, ಉಪ್ಪುಮೀನನ್ನು ಮಿಠಾಯಿ ಜೊತೆ ತಿಂದಂತಿತ್ತು. ಹಾಗೆಂದು ಹೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದಳು.

ಸುದ್ದಿ ಏನೆಂದರೆ, ನಮ್ಮ ನೌಲ್‌ಗೆ ಹೊಸ ಚಿಹ್ನೆ ಬರುತ್ತಿದೆ. ಹೌದು, ಇಪ್ಪತ್ತು ವರ್ಷದ ಹಿಂದೆ ನಾವಿಬ್ಬರೂ ಪಾಠ ಮಾಡುತ್ತಿದ್ದ ಕಾಲೇಜಿನ ಹಳೆಯ ಕಂಪ್ಯೂಟರ್ ಮುಂದೆ ಕೂತು ಹುಟ್ಟಿಸಿದ ಅದೇ ಪ್ರೋಗ್ರಾಮಿಂಗ್ ಭಾಷೆ. ಎಡಗಡೆ ಏನೂ ಇಲ್ಲದಿದ್ದರೆ ಬಲಗಡೆಯದನ್ನು ತೆಗೆದುಕೋ ಎನ್ನಲು ಅದರಲ್ಲಿ ಚಿಹ್ನೆಯೇ ಇರಲಿಲ್ಲವಲ್ಲ. ಜನ 'ಅಥವಾ' ಎಂಬುದಕ್ಕಿರುವ || ಹಾಕಿಕೊಂಡು ಕಾಲ ತಳ್ಳುತ್ತಿದ್ದರು. ಅದಕ್ಕೋ ಸೊನ್ನೆಯೂ ಒಂದೇ, ಏನೂ ಇಲ್ಲದಿರುವುದೂ ಒಂದೇ. ಗಣಿತದ ಟೀಚರ್ ಇನ್ಸಾಫ್ ಅಂಕಪಟ್ಟಿಯ ಪ್ರೋಗ್ರಾಂ ಬರೆದು, ಪರೀಕ್ಷೆಗೆ ಬಾರದವರಿಗೆ ಹಿಂದಿನ ಅಂಕ ಹಾಕು ಎಂದರೆ, ಸೊನ್ನೆ ತೆಗೆದವರೂ ಹಳೆಯ ಅಂಕದಲ್ಲಿ ಪಾಸಾದರು. "ಸೊನ್ನೆನೂ ಅಂಕಾನೇ ಶಾದ್ಲಿ ಸಾರ್! ಪಾಪ, ಪರೀಕ್ಷೆಗೆ ಬಂದು ಕೂತು ತೆಗೆದಿದ್ದಾರೆ!" ಎಂದು ನಮ್ಮ ಗುಂಪಿನ ಸಭೆಯಲ್ಲಿ ಕೂಗಾಡಿದಳು.

ಯಾವ ಚಿಹ್ನೆ ಎಂಬುದಕ್ಕೆ ಎರಡು ತಿಂಗಳು ಜಗಳ. ನಮ್ಮ ಬಶೀರ್‌ಗೆ ?? ಬೇಕು. "ನೋಡಿದ್ರೆ ಪ್ರೋಗ್ರಾಂ ಬರೆದವನಿಗೇ ಡೌಟು ಅನ್ಸುತ್ತೆ" ಎಂದಳು ಇನ್ಸಾಫ್. ಅವಳು ?: ಮುಂದಿಟ್ಟಳು. ನಮ್ಮ ಫ್ರೆಂಚ್ ಕೀಲಿಮಣೆಯಲ್ಲಿ || ಒತ್ತಲು ಬೆರಳುಗಳು ಕಸರತ್ತು ಮಾಡಬೇಕು. ಇವೆರಡೂ ಕೆಳಸಾಲಿನಲ್ಲೇ ಇವೆ. ಎಲ್ಲರಿಗೂ ಹಿಡಿಸಿತು.

ಆದರೆ ಹೊಸ ಚಿಹ್ನೆ ತರುವವರು ಹಿಂದೆ ತಳ್ಳಿಹಾಕಿದ ಪ್ರಸ್ತಾಪಗಳನ್ನು ಸಭೆಯಲ್ಲಿ ಗಟ್ಟಿಯಾಗಿ ಓದಬೇಕಲ್ಲ, ನೀನೇ ಮಾಡಿದ ನಿಯಮ. ಇನ್ಸಾಫ್ ಒಂಬತ್ತು ವರ್ಷದ ಹಿಂದಿನ ನಿನ್ನ ಹನ್ನೊಂದು ಪುಟ ತೆಗೆದು ಓದಿದಳು. ?: ಅಲ್ಲೇ ಇತ್ತು. ಸೊನ್ನೆಯ ತೊಂದರೆ ಇತ್ತು. ಹದಿನಾಲ್ಕು ಜನರ ಕೈಲಿ ಬರೆಸಿ ನೋಡಿ, ಯಾರು ಎಲ್ಲಿ ಎಡವಿದರೆಂದು ಹೆಸರು ಸಮೇತ ನೀನು ಬರೆದಿದ್ದೆ. ಕೊನೆಯಲ್ಲಿ ನನ್ನ ಕೈಬರಹ: 'ಅಗತ್ಯವಿಲ್ಲ. ಶಾದ್ಲಿ.'

ಬಶೀರ್, "ಹಾಗಾದ್ರೆ ಒಂಬತ್ತು ವರ್ಷ ಸುಮ್ಸುಮ್ನೆ ಒದ್ದಾಡಿದ್ವಾ?" ಎಂದ. ಭಾಷೆ ಚಿಕ್ಕದಾಗಿಯೇ ಇರಲಿ, ಚಿಹ್ನೆಗಳ ಹೊರೆ ಬೇಡವೆಂದುಕೊಂಡೆ ಎಂದೆ. ಹಿರಿಯನ ಮಾತು, ತಲೆಯಾಡಿಸಿದರು. ಇನ್ಸಾಫ್ ಮಾತ್ರ ಹಟ ಹಿಡಿದಳು. "ಈ ಪ್ರಸ್ತಾಪಕ್ಕೆ ನನ್ನ ಹೆಸರು ಹಾಕಿದ್ರೆ ನಾನು ಕಾಗದಾನೇ ಹರಿದು ಹಾಕ್ತೀನಿ. ಬರೆದೋರು ಅವ್ರು."

ಅವಳ ಮಾತು ಸರಿ. ನಿನ್ನ ಹೆಸರಿನಲ್ಲೇ ಬರಲಿ. ಅದಕ್ಕೆ ನಿನ್ನ ಒಪ್ಪಿಗೆ ಬೇಕು. ಇಲ್ಲದಿದ್ದರೆ ಇದು ಹೀಗೇ ನಿಲ್ಲುತ್ತದೆ. ಆ ವರ್ಷವೇ ನೀನು ಗುಂಪು ಬಿಟ್ಟು ಬಿಝೆರ್ತ್‌ಗೆ ಹೋದೆ. ಆಮೇಲಿನ ನಮ್ಮ ಕಾಗದಗಳಲ್ಲಿ ಮಕ್ಕಳ ಓದು, ಮದುವೆ, ಮಂಡಿನೋವು ಎಲ್ಲ ಇದ್ದವು. ನೌಲ್ ಒಂದು ಇರಲಿಲ್ಲ. ನೀನಿಲ್ಲದೆ ಆ ಸಭೆಗಳಲ್ಲಿ ನನಗೆ ತುಂಬ ಬೇಸರವಾಗಿದೆ, ಸಲ್ವಾ. ತಿಂಗಳ ಕೊನೆಯ ಶನಿವಾರ ಸೇರುತ್ತೇವೆ, ಬಾ.

ನಿನ್ನ ಮಗಳ ಹೆರಿಗೆ ಸುಸೂತ್ರವಾಗಲಿ. ದೇವರು ನಿಮ್ಮೆಲ್ಲರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ,
ಶಾದ್ಲಿ

ತಾ.ಕ.: ಸಭೆಯಲ್ಲಿ ನಾನು ಹೇಳಿದ್ದು ಸುಳ್ಳು. ನಿನ್ನ ಹನ್ನೊಂದು ಪುಟಗಳನ್ನು ನಾನು ಓದಿಯೇ ಇರಲಿಲ್ಲ. ಆಗ ಎಲ್ಲರೂ ನೌಲ್ ಅನ್ನು 'ಸಲ್ವಾಳ ಭಾಷೆ' ಎನ್ನತೊಡಗಿದ್ದರು, ನನಗೆ ಹೊಟ್ಟೆಕಿಚ್ಚು. "ಯಾವ ಪುಟದಲ್ಲಿ ತಪ್ಪಿದೆ ತೋರ್ಸು, ತಿದ್ದಿ ತರ್ತೀನಿ" ಎಂದು ನೀನು ಕೇಳಿದೆ. "ಎಲ್ಲಾ ಪುಟದಲ್ಲೂ" ಎಂದೆ. ವಾರದ ಮೇಲೆ ನೀನು ಹನ್ನೊಂದನ್ನೂ ಹೊಸದಾಗಿ ಬರೆದು ತಂದುಕೊಟ್ಟೆ. ಅದನ್ನೂ ನಾನು ಓದಲಿಲ್ಲ.