ಮುಟ್ಟಿಗೆ ಮುಂಚಿನ ಒಂದೂಕಾಲು ಕಿಲೋ

ಮಂಗಳವಾರ, ೧೪. ಸೊಂಟ ಹಿಡಿದಿದೆ. ತಪ್ಪು ನನ್ನದೇ.

ಮಗಳು ಮೂರು ದಿನದಿಂದ ಸರಿಯಾಗಿ ತಿಂದಿರಲಿಲ್ಲ. ಐವತ್ತಮೂರು ಕಿಲೋ ವಿಭಾಗದಲ್ಲಿ ಕುಸ್ತಿ ಆಡುವವಳಿಗೆ ಮನೆಯ ತೂಕದ ಯಂತ್ರ ಐವತ್ತನಾಲ್ಕೂಕಾಲು ತೋರಿಸುತ್ತಿತ್ತು. ಆಯ್ಕೆ ಪಂದ್ಯಕ್ಕೆ ಉಳಿದಿರುವುದು ಒಂಬತ್ತೇ ದಿನ. ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವುದು ನನ್ನ ಕೆಲಸ. ನನಗೆ ತೋಚಿದ್ದೂ ಅಷ್ಟೇ. ಕಚೇರಿಯಿಂದ ಇಪ್ಪತ್ತು ಕಿಲೋದ ಎರಡು ತೂಕದ ಬಟ್ಟುಗಳನ್ನು ಹೊತ್ತು ತಂದು ಯಂತ್ರದ ಮೇಲಿಟ್ಟೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಯಂತ್ರ ಸರಿಯಾಗೇ ಇದೆ," ಎಂದೆ.

"ಅದು ನಂಗೂ ಗೊತ್ತಮ್ಮ. ಇದನ್ನ ನೋಡು," ಎಂದು ತನ್ನ ನೋಟ್‌ಬುಕ್ ತೆರೆದಳು. ಐದು ತಿಂಗಳಿಂದ ದಿನಾ ಬೆಳಿಗ್ಗೆ ಶೌಚ ಮುಗಿಸಿ, ಬರೀ ಹೊಟ್ಟೆಯಲ್ಲಿ ನೋಡಿದ ತೂಕ. ಅದರ ಪಕ್ಕದಲ್ಲಿ ಇವತ್ತು ಮುಟ್ಟಿನ ದಿನಗಳನ್ನೂ ಬರೆದಿದ್ದಳು. ಪ್ರತಿ ಸಲವೂ ಮುಟ್ಟಿನ ಹಿಂದಿನ ವಾರ ತೂಕ ಏರಿ, ಮುಟ್ಟು ಮುಗಿಯುವ ಹೊತ್ತಿಗೆ ಇಳಿದಿತ್ತು.

"ಇದು ಮೈಯಲ್ಲಿ ನಿಂತ ನೀರಮ್ಮ, ಕೊಬ್ಬಲ್ಲ. ನಿನ್ನೆ ತೂಕಕ್ಕೆ ಹೋಲಿಸ್ಬಾರ್ದು, ಹೋದ ತಿಂಗಳು ಮುಟ್ಟಿಗೆ ಇಷ್ಟೇ ದಿನ ಇದ್ದಾಗಿನ ತೂಕಕ್ಕೆ ಹೋಲಿಸ್ಬೇಕು. ಪಂದ್ಯದ ಹೊತ್ತಿಗೆ ಇಳಿಯುತ್ತೆ."

"ಇಳೀದಿದ್ರೆ?"

"ಮುಂದಿನ ವರ್ಷ ಆಡ್ತೀನಿ. ಕಾಲು ನಡುಗ್ತಾ ಹೋದ್ರೆ ಹೇಗೂ ಸೋಲ್ತೀನಿ. ಬಡಿಸು."

ಮೂವತ್ತನಾಲ್ಕು ವರ್ಷ ಮುಟ್ಟು ಕಂಡ ಮೈ ನನ್ನದು, ಇಪ್ಪತ್ತೆರಡು ವರ್ಷದಿಂದ ತೂಕದ ನೌಕರಿ. ಎರಡನ್ನೂ ಒಟ್ಟಿಗಿಟ್ಟು ನೋಡಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ.

ತಟ್ಟೆಯ ಮುಂದೆ ಅವಳ ಕೈ ಒಂದು ಕ್ಷಣ ನಿಂತಿತು. ಅಷ್ಟೆಲ್ಲ ಲೆಕ್ಕ ಹಾಕಿದವಳಿಗೂ ಭಯವಿತ್ತು. ಭಯವಿದ್ದೂ ಕಲಸಿ ತುತ್ತು ಬಾಯಿಗಿಟ್ಟಳು. ಎರಡನೆಯ ಸಲ ಬಡಿಸಿದಾಗಲೂ ಬೇಡವೆನ್ನಲಿಲ್ಲ. ಆ ವಯಸ್ಸಿನಲ್ಲಿ ನಾನಾಗಿದ್ದರೆ ಯಂತ್ರದ ಅಂಕಿಯನ್ನಷ್ಟೇ ನಂಬಿ ಹಸಿದೇ ಮಲಗುತ್ತಿದ್ದೆ.