ಡೆಲ್ಬರ್ಟರ ಹತ್ತು ಸುತ್ತು

ಮಾರ್ಚ್ 3, 2009, ಮಂಗಳವಾರ

ಡೆಲ್ಬರ್ಟರಿಗೆ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಅದೇ ಕೊರೆಯುತ್ತಿದೆ.

ಹೊರಗೆ ಹಿಮವೆಂದು ಬೆಳಿಗ್ಗೆ ಮಾಲ್‌ನೊಳಗೆ ನಡೆಯಲು ಬರುತ್ತಿದ್ದ ಮುದುಕರಲ್ಲಿ ಈಗ ಉಳಿದವರು ಅವರೊಬ್ಬರೇ. ಆ ತುದಿಯ ಗೋಡೆ ಮುಟ್ಟಿ ಬಂದರೆ ಒಂದು ಸುತ್ತು. ದಿನಕ್ಕೆ ಹತ್ತು. ನಾನು ಗಡಿಯಾರದಂಗಡಿಯ ಶಟರ್ ಎತ್ತುವಾಗ ಬೀಗುತ್ತಾ ಬಂದರು.

"ಹತ್ತು ನಿಮಿಷ ಮುಂಚೇನೇ ಮುಗಿಸ್ಬಿಟ್ಟೆ ಕಣಮ್ಮಾ ಮಾರ್ಲೀನ್! ಎಂಬತ್ತೊಂದಕ್ಕೆ ನನ್ ಮಂಡಿಗೆ ಪ್ರಾಯ ಬಂದಿದೆ."

"ನಂಗೂ ಒಂದಿನ ಸಾಲ ಕೊಡಿ ಆ ಮಂಡೀನ" ಎಂದು ನಕ್ಕುಬಿಟ್ಟೆ.

ಮಂಡಿಯಲ್ಲ, ಮಾಲೇ ಗಿಡ್ಡವಾಗಿದೆ. ದೊಡ್ಡ ಬಟ್ಟೆಯಂಗಡಿ ಮುಚ್ಚಿದ ಮೇಲೆ, ಖಾಲಿ ಮಳಿಗೆಗಳನ್ನು ಬೆಚ್ಚಗಿಡುವುದು ದಂಡವೆಂದು ನಿನ್ನೆ ಮಾಲ್‌ನ ನಡುವೆ ಅಡ್ಡಲಾಗಿ ಹಲಗೆ ಗೋಡೆ ನಿಲ್ಲಿಸಿದ್ದಾರೆ. ಡೆಲ್ಬರ್ಟರ ಕಣ್ಣು ಮಂಜು. ಬಿಳಿ ಬಳಿದ ಹಲಗೆಯನ್ನೇ ಹಳೆಯ ಗೋಡೆಯೆಂದುಕೊಂಡು ಮುಟ್ಟಿ ತಿರುಗಿದ್ದಾರೆ.

1976ರಲ್ಲಿ ಈ ಮಾಲ್ ತೆರೆದ ದಿನ ಕಾರು ನಿಲ್ಲಿಸಲು ಜಾಗ ಸಿಗದೆ ಅಪ್ಪ ಹೆದ್ದಾರಿಯ ಬದಿಯಿಂದ ನಮ್ಮನ್ನು ನಡೆಸಿಕೊಂಡು ಬಂದಿದ್ದ.

ಸಂಜೆ ಮಾಲ್‌ನ ಮ್ಯಾನೇಜರ್ ಮತ್ತೆ ಅಳತೆ ಟೇಪು ಹಿಡಿದು ಬಂದ. ನನ್ನ ಮುಖ ನೋಡದೆ ನೆಲ ಅಳೆದು, ಮುಂದಿನ ಹಲಗೆ ಗೋಡೆಗೆ ಸೀಮೆಸುಣ್ಣದಲ್ಲಿ ಇನ್ನೊಂದು ಅಡ್ಡಗೆರೆ ಎಳೆದ. ನನ್ನ ಅಂಗಡಿ ಗೆರೆಯಾಚೆ, ಮುಚ್ಚಿಹೋಗುವ ಕಡೆಗೇ ಉಳಿಯಿತು.

ಮುಂದಿನ ವಾರ ಡೆಲ್ಬರ್ಟ್ ಇನ್ನೂ ಬೇಗ ಮುಗಿಸುತ್ತಾರೆ. ಆ ಸಂತೋಷ ಹೇಳಿಕೊಳ್ಳಲು ನನ್ನ ಶಟರ್ ಹುಡುಕುತ್ತಾರೆ.