ಅರ್ಧ ಹೊಲಿದ ಬೊಂತೆ

ಬೈರಕೂರು
೧೧-೧೨-೧೯೮೩, ಭಾನುವಾರ

ಪೂಜ್ಯ ಅತ್ತೆಯವರ ಪಾದಗಳಿಗೆ ನಿಮ್ಮ ಸೊಸೆ ಶಾಮಲ ಮಾಡುವ ನಮಸ್ಕಾರಗಳು.

ನೀವು ಹೇಗಿದ್ದೀರಿ? ಕಣ್ಣಿಗೆ ಹಾಕುವ ಮದ್ದನ್ನು ಬಿಡದೆ ಹಾಕಿಸಿಕೊಳ್ಳುತ್ತಿದ್ದೀರಾ, ಇಲ್ಲ ಇಲ್ಲಿ ಮಾಡುತ್ತಿದ್ದ ಹಾಗೆ ಆಮೇಲೆ ಆಮೇಲೆ ಎಂದು ಮುಂದೂಡುತ್ತಿದ್ದೀರಾ? ರಾಯಲ್ಪಾಡಿನಲ್ಲಿ ಚಳಿ ಹೇಗಿದೆ? ಬೆಳಗಿನ ಹೊತ್ತು ತಲೆಗೆ ಬಟ್ಟೆ ಕಟ್ಟಿಕೊಳ್ಳದೆ ಹೊರಗೆ ಹೋಗಬೇಡಿ. ಕಾಗದ ಓದಿ ಹೇಳುತ್ತಿರುವ ರಾಮಲಕ್ಷ್ಮಮ್ಮ ಅತ್ತಿಗೆಗೂ ನನ್ನ ನಮಸ್ಕಾರ. ಅತ್ತಿಗೆ, ನಿಮ್ಮ ಅಮ್ಮ ನಡುವೆ ಸಾಕು ನಿಲ್ಲಿಸು ಎನ್ನುತ್ತಾರೆ. ನಿಲ್ಲಿಸಬೇಡಿ, ಕೊನೆಯ ತನಕ ಓದಿ. ಇಲ್ಲಿ ಎಲ್ಲರೂ ಕ್ಷೇಮ. ಗಿರಿಜೆಗೆ ನೆಗಡಿ ಬಂದು ಹೋಯಿತು. ಅಜ್ಜಿ ಎಲ್ಲಿ ಎಂದು ದಿನವೂ ಕೇಳುತ್ತಾಳೆ, ಊರಿಗೆ ಹೋಗಿದ್ದಾರೆ ಎಂದರೆ ಇದೇ ಊರಲ್ಲವಾ ಎನ್ನುತ್ತಾಳೆ. ಮೂರು ವರ್ಷದ ಮಗುವಿಗೆ ಇರುವ ಬುದ್ಧಿ ದೊಡ್ಡವರಿಗೆ ಇಲ್ಲ. ಹೊಟ್ಟೆಯಲ್ಲಿರುವುದು ಚೆನ್ನಾಗಿ ಒದೆಯುತ್ತಿದೆ. ಸಂಕ್ರಾಂತಿಯ ಆಸುಪಾಸಿನಲ್ಲಿ ಹೆರಿಗೆ ಆಗುತ್ತದೆ ಎಂದು ಆಸ್ಪತ್ರೆಯ ನರ್ಸಮ್ಮ ಹೇಳಿದ್ದಾರೆ.

ಈಗ ವಿಷಯಕ್ಕೆ ಬರುತ್ತೇನೆ. ದೀಪಾವಳಿ ಮುಗಿದ ಮೇಲೆ ಕೋಲಾರದ ಡಾಕ್ಟರು ಇನ್ನು ದೃಷ್ಟಿ ಇಷ್ಟೇ, ಬೆಳಕು ನೆರಳು ಗೊತ್ತಾದರೆ ಅದೇ ದೊಡ್ಡದು ಎಂದರಲ್ಲ, ಅವತ್ತು ಮನೆಗೆ ಬಂದವರೇ ಟ್ರಂಕಿನ ಬೀಗದಕೈ ತಂದು ನನ್ನ ಕೈಗೆ ಹಾಕಿದಿರಿ. ಹುಟ್ಟುವ ಮಗುವಿನ ತೊಟ್ಟಿಲಿಗೆ ಹಾಸುವ ಬೊಂತೆಗೆಂದು ನೀವು ಒಗೆದು ಮಡಿಸಿಟ್ಟಿದ್ದ ಹಳೆ ಸೀರೆ, ಮಾವನವರ ಪಂಚೆ ಎಲ್ಲ ಅದರೊಳಗೆ ಇದ್ದವು. "ಯಾರಿಗಾದ್ರೂ ಕೊಟ್ಬಿಡೇ ಇವನ್ನ. ಕಣ್ಣಿಲ್ದೋಳು ಬೊಂತೆ ಹೊಲಿಯೋದು ಹೆಂಗೆ? ಕೆಲ್ಸಕ್ಕೆ ಬರ್ದೋಳು ಈ ಮನೇಲಿ ಯಾಕಿರ್ಬೇಕು?" ಎಂದಿರಿ. ಕೋಪ ಬಂದರೆ ನಿಮ್ಮ ಬಾಯಿಗೆ ತೆಲುಗು ಬರುತ್ತದೆ, ಅವತ್ತೂ ಬಂತು: "ನಾಕೆಂದುಕಿಂಕ." ನನಗಿನ್ನು ಯಾಕೆ ಎಂದು ಅಂದವರು ಮಾರನೆಯ ದಿನವೇ ಮಗಳ ಊರಿನ ದಾರಿ ಹಿಡಿದಿರಿ. ನಾನು ಬಾಗಿಲಲ್ಲಿ ನಿಂತು ಅತ್ತುಬಿಟ್ಟೆ. ನೀವು ಹೋದದ್ದಕ್ಕೆ ಅರ್ಧ, ನಿಮ್ಮ ಮೇಲಿನ ಕೋಪಕ್ಕೆ ಅರ್ಧ. ಈ ಮನೆಯಲ್ಲಿ ಹುಟ್ಟಿದ ಮಗು ಅಜ್ಜಿಯ ಕೈಯ ಬೊಂತೆಯಿಲ್ಲದೆ ತೊಟ್ಟಿಲು ಕಂಡಿಲ್ಲ. ನಿಮ್ಮ ಮಗನಿಗೆ ನಿಮ್ಮ ಅತ್ತೆ ಹೊಲಿದರು, ಗಿರಿಜೆಗೆ ನೀವು ಹೊಲಿದಿರಿ. ಇದಕ್ಕೆ ಮಾತ್ರ ಇಲ್ಲ ಎಂದರೆ ನಾನು ಸುಮ್ಮನಿರುತ್ತೇನೆಯೇ?

ಕೈಹೊಲಿಗೆ ನನಗೆ ಬರುವುದಿಲ್ಲ, ಅದು ನಿಮಗೂ ಗೊತ್ತು. ನನ್ನ ಟಾಕು ನೋಡಿ ಕೋಳಿ ಕೆದರಿದ ಹಾಗಿದೆ ಎಂದು ನಕ್ಕವರು ನೀವೇ. ಆದರೆ ತವರು ಮಾಲೂರಿನಿಂದ ನನ್ನ ಜೊತೆ ಬಂದ ಹೊಲಿಗೆ ಮಿಷನ್ನು ಇದೆಯಲ್ಲ. ಅದರಲ್ಲಿ ರವಿಕೆ, ಲಂಗ ಹೊಲಿದವಳಿಗೆ ಬೊಂತೆ ಯಾವ ದೊಡ್ಡದು ಎಂದುಕೊಂಡೆ. ಟೈಲರ್ ಮುನಿಶಾಮಿಯಣ್ಣನ ಹತ್ತಿರ ದಪ್ಪ ಸೂಜಿ ಕೇಳಲು ಹೋದರೆ, "ಬೊಂತೆ ಹೊಲಿಯೋಕೆ ಮಿಷನ್ನಾ? ಸೂಜಿ ಮುರ್ಕೊಂಡು ಬರ್ತೀಯಾ, ಹೋಗಮ್ಮ," ಎಂದ. ಪಕ್ಕದ ಮನೆ ಭಾರತಮ್ಮ, "ತುಂಬಿದ ಹೊಟ್ಟೇಲಿ ಮಿಷನ್ ತುಳೀಬಾರ್ದು ಕಣೇ," ಎಂದು ಬೀದಿಗೆಲ್ಲ ಕೇಳುವ ಹಾಗೆ ಬೈದಳು. ನರ್ಸಮ್ಮನನ್ನು ಕೇಳಿದ್ದೇನೆ, ಆಯಾಸವಾಗದ ಹಾಗೆ ತುಳಿ ಎಂದಿದ್ದಾರೆ, ನೀವು ಹೆದರಬೇಡಿ. ಕಷ್ಟ ಏನೆಂದರೆ ಹೊಟ್ಟೆ ಮಿಷನ್ನಿನ ಹಲಗೆಗೆ ತಾಗುತ್ತದೆ, ಓರೆಯಾಗಿ ಕೂರಬೇಕು. ಮುನಿಶಾಮಿಯಣ್ಣ ಬಾಯಲ್ಲಿ ಏನೇ ಅಂದರೂ ಸೂಜಿ ಕೊಟ್ಟ. ಮೊದಲನೆಯದು ಮುರಿದದ್ದನ್ನು ಅವನಿಗೆ ಹೇಳಿಲ್ಲ.

ಮೇಲಕ್ಕೆ ನಿಮ್ಮ ಗಂಧದ ಬಣ್ಣದ ಸೀರೆ, ಅಡಿಗೆ ನನ್ನ ಹಸಿರು ಸೀರೆ, ನಡುವೆ ಮಾವನವರ ಪಂಚೆಯನ್ನು ಮಡಿಸಿ ಪದರ ಮಾಡಿದೆ. ನೀವು ಹೊಲಿಯುತ್ತಿದ್ದ ಹಾಗೆಯೇ ಮೂಲೆಯಿಂದ ಶುರು ಮಾಡಿ, ಅಂಚಿನಲ್ಲೇ ಸುತ್ತು ಬಂದು, ಸುತ್ತುತ್ತಾ ಸುತ್ತುತ್ತಾ ಒಳಕ್ಕೆ ಹೋದೆ. ಸಾಲುಗಳು ಎಷ್ಟು ನೇರವಾಗಿ ಬಂದವೆಂದರೆ ನನಗೆ ಜಂಬ ಬಂದುಬಿಟ್ಟಿತು. ಆ ಜಂಬದಲ್ಲಿ ಬಟ್ಟೆಯ ನಡುಭಾಗವನ್ನು ನೋಡಲೇ ಇಲ್ಲ. ಸುತ್ತು ಮುಗಿಯುತ್ತಾ ಬಂದ ಹಾಗೆ ಉಳಿದ ಬಟ್ಟೆಯೆಲ್ಲ ಮಧ್ಯಕ್ಕೆ ಬಂದು ಗುಡ್ಡೆಯಾಯಿತು. ಹಾಸಿ ನೋಡಿದರೆ ನಡುವೆ ಕಪ್ಪೆ ಕೂತ ಹಾಗಿತ್ತು. ನಿಮ್ಮ ಮಗ ಅದನ್ನು ಸುತ್ತಲೂ ನೋಡಿ, "ಮಗು ಇದರ ಮೇಲೆ ಮಲಗ್ತದೋ, ಜಾರ್ತದೋ?" ಎಂದರು. ಅವತ್ತು ಅವರಿಗೆ ಸಾರಿನಲ್ಲಿ ಉಪ್ಪು ಹಾಕಲಿಲ್ಲ.

ಅದನ್ನೆಲ್ಲ ಕೂತು ಬಿಚ್ಚಿದೆ. ಮಿಷನ್ನಿನ ಟಾಕು ಹಾಕುವುದು ಸುಲಭ, ಬಿಚ್ಚುವಾಗ ಪ್ರಾಣ ಹೋಗುತ್ತದೆ. ಬಿಟ್ಟುಬಿಡು, ತೊಟ್ಟಿಲಿಗೆ ಒಂದು ದುಪ್ಪಟಿ ಮಡಿಸಿ ಹಾಸಿದರಾಯಿತು ಎಂದಳು ಭಾರತಮ್ಮ. ನಾನು ಬಿಡುವವಳಲ್ಲ. ಮಾರನೆಯ ದಿನ ಅವರೆಕಾಳು ಹಾಕಿ ರೊಟ್ಟಿ ತಟ್ಟುತ್ತಿದ್ದೆ. ಹಿಟ್ಟನ್ನು ನಡುವಿನಿಂದ ಅಂಚಿಗೆ ತಳ್ಳುತ್ತಿದ್ದೇನೆ, ದಪ್ಪವೆಲ್ಲ ಹೊರಕ್ಕೆ ಹೋಗುತ್ತಿದೆ. ಅಲ್ಲಿಗೇ ಕೈ ನಿಂತಿತು. ರೊಟ್ಟಿ ಹೆಂಚಿನ ಮೇಲೆ ಸೀದದ್ದೂ ಗೊತ್ತಾಗಲಿಲ್ಲ. ನೀವು ಬೊಂತೆಯ ಮೇಲೇ ಕೂತು ಹೊಲಿಯುವವರು, ಮುಂದಿನ ಬಟ್ಟೆಯನ್ನು ಅಂಗೈಯಲ್ಲಿ ಸವರಿಕೊಂಡೇ ಹೋಗುತ್ತಿದ್ದಿರಿ, ಅದಕ್ಕೇ ಅಂಚಿನಿಂದ ಹೋದರೂ ನಿಮಗೆ ನಡೆಯುತ್ತಿತ್ತು. ಮಿಷನ್ನಿಗೆ ಅಂಗೈ ಎಲ್ಲಿದೆ? ಅದಕ್ಕೆ ನಡುವಿನಿಂದಲೇ ಶುರು ಮಾಡಬೇಕು. ಬಟ್ಟೆಯ ಒಂದು ಕಡೆಯನ್ನು ಚಾಪೆಯ ಹಾಗೆ ಸುತ್ತಿ ಮಿಷನ್ನಿನ ತೋಳಿನ ಕೆಳಗೆ ತೂರಿಸಿ, ನಟ್ಟನಡುವೆ ಮೊದಲ ಸಾಲು ಹಾಕಿದೆ. ಅದರ ಪಕ್ಕಕ್ಕೆ ಇನ್ನೊಂದು, ಮತ್ತೊಂದು. ಕಪ್ಪೆ ಬರಲಿಲ್ಲ. ನಿಮ್ಮ ಮಗನನ್ನು ಕರೆದು ತೋರಿಸಿದೆ, ಅವತ್ತು ಸಾರಿಗೆ ಉಪ್ಪು ಹಾಕಿದೆ.

ಆದರೂ ಸುಕ್ಕು ಬಿಡಲಿಲ್ಲ ಅತ್ತೆ. ಮಿಷನ್ನಿನ ಹಲ್ಲು ಅಡಿಯ ಬಟ್ಟೆಯನ್ನು ಎಳೆದುಕೊಂಡು ಹೋಗುತ್ತದೆ, ಮೇಲಿನದು ಹಿಂದೆ ಉಳಿಯುತ್ತದೆ, ನಡುವಿನ ಪಂಚೆ ಯಾರ ಮಾತನ್ನೂ ಕೇಳುವುದಿಲ್ಲ. ನಾನು ತುಳಿಯಬೇಕು, ಇನ್ನೊಬ್ಬರು ಎದುರಿಗೆ ಕೂತು ಪದರಗಳನ್ನು ಸವರಿ ಹಿಡಿಯಬೇಕು. ನಿಮ್ಮ ಮಗನನ್ನು ಕೂರಿಸಿದೆ. ಅವರು ಎತ್ತಿನ ಹಗ್ಗ ಎಳೆದ ಹಾಗೆ ಎಳೆದರು. ಎದ್ದು ಹೋಗುವಾಗ ಬೊಂತೆಯೂ ಅವರ ಹಿಂದೆ ಹೊರಟಿತು, ನೋಡಿದರೆ ಉಟ್ಟ ಪಂಚೆಯ ಅಂಚನ್ನೂ ಸೇರಿಸಿ ಹೊಲಿದಿದ್ದೆ. ಭಾರತಮ್ಮನನ್ನು ಕರೆದೆ. ಅವಳ ಕೈ ಹಿಡಿಯುವುದಕ್ಕಿಂತ ಬಾಯಿ ಹೆಚ್ಚು ನಡೆಯಿತು. ಇಬ್ಬರಿಗೂ ಕಣ್ಣು ಚೆನ್ನಾಗಿದೆ. ಮೇಲೆ ನೋಡಿದರೆ ಎಲ್ಲ ನೀಟಾಗಿ ಕಾಣುತ್ತದೆ, ಮಲಗಿ ನೋಡಿದರೆ ಎಲ್ಲೋ ಒತ್ತುತ್ತದೆ, ಸುಕ್ಕು ಇರುವುದು ಒಳಗಿನ ಪದರದಲ್ಲಿ. ಅಲ್ಲಿಗೆ ಯಾರ ಕಣ್ಣೂ ಹೋಗುವುದಿಲ್ಲ.

ಆಗ ನನಗೆ ನೀವು ಗಿರಿಜೆಯ ಬೊಂತೆ ಹೊಲಿಯುತ್ತಿದ್ದದ್ದು ನೆನಪಾಯಿತು. ಜಗಲಿಯ ಮೇಲೆ ಕೂತು ಕೋಳಿಗಳನ್ನು ಬೈಯುತ್ತಾ, ಬೀದಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸುತ್ತಾ ಹೊಲಿಯುತ್ತಿದ್ದಿರಿ. ನೀವು ಬಟ್ಟೆ ನೋಡಿದ್ದನ್ನು ನಾನು ಕಂಡದ್ದೇ ಕಡಿಮೆ. ಎಡಗೈ ಮಾತ್ರ ಮುಂದೆ ಮುಂದೆ ಹೋಗುತ್ತಿತ್ತು, ಎಲ್ಲೋ ನಿಲ್ಲುತ್ತಿತ್ತು, ಸರಿ ಮಾಡುತ್ತಿತ್ತು, ಮತ್ತೆ ಹೊರಡುತ್ತಿತ್ತು. ಈ ದೀಪಾವಳಿಯ ಮುಂಚೆಯೂ, ಕಣ್ಣು ಮಂಜಾಗಿದ್ದಾಗಲೇ, ಚಾಪೆಯ ಮೇಲೆ ಕೈಯಾಡಿಸಿ ಅಡಿಯಲ್ಲಿದ್ದ ಬೇವಿನ ಕಡ್ಡಿಯನ್ನು ಎಳೆದು ಹಾಕಿದಿರಿ. ಇಷ್ಟು ವರ್ಷ ಹೊಲಿದದ್ದು ನಿಮ್ಮ ಕಣ್ಣು ಎಂದು ನಿಮಗೆ ಹೇಳಿದವರು ಯಾರು? ನನಗಂತೂ ಈಗ ಅದರಲ್ಲಿ ನಂಬಿಕೆಯಿಲ್ಲ.

ನಿಮ್ಮ ಮೇಲೆ ನನಗೆ ಇನ್ನೂ ಕೋಪವಿದೆ, ಅದನ್ನು ಮುಚ್ಚಿಡುವುದಿಲ್ಲ. ನೀವಿಲ್ಲದೆ ಮನೆ ಬಣಬಣ ಎನ್ನುತ್ತದೆ, ಅದನ್ನೂ ಮುಚ್ಚಿಡುವುದಿಲ್ಲ. ಅತ್ತಿಗೆಯ ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸಿ. ನಿಮ್ಮ ಆಶೀರ್ವಾದ ನನ್ನ ಮೇಲೂ ಬರಲಿರುವ ಮಗುವಿನ ಮೇಲೂ ಇರಲಿ.

ಇಂತಿ ನಿಮ್ಮ ಹಠಮಾರಿ ಸೊಸೆ
ಶಾಮಲ

ಮರೆತಿದ್ದೆ: ನಿಮ್ಮ ಮಗ ಚಪ್ಪಲಿ ಮೆಟ್ಟಿ ನಿಂತಿದ್ದಾರೆ, ಬಸ್ಸಿನ ಹೊತ್ತಾಯಿತು, ಬೇಗ ಬೇಗ ಬರೆಯುತ್ತಿದ್ದೇನೆ. ಈ ಕಾಗದದ ಜೊತೆ ಅವರ ಕೈಚೀಲದಲ್ಲಿ ಬೊಂತೆಯನ್ನೂ ಕಳಿಸಿದ್ದೇನೆ. ಅರ್ಧ ಹೊಲಿದಿದೆ, ಇನ್ನರ್ಧ ಹಾಗೇ ಇದೆ. ಅತ್ತಿಗೆ, ಈಗಲೇ ತೆಗೆದು ಅಮ್ಮನ ಮಡಿಲಲ್ಲಿ ಹಾಸಿ. ಅತ್ತೆ, ಒಳಗೆ ಎಲ್ಲೋ ಒಂದು ಸುಕ್ಕಿದೆ, ಮೂವರು ಹುಡುಕಿದರೂ ಸಿಗಲಿಲ್ಲ. ಕೈಯಾಡಿಸಿ ನೋಡಿ. ನಿಮ್ಮ ಕೈಗೆ ಸಿಕ್ಕಿತೋ, ಬೆರಳು ಎತ್ತಬೇಡಿ. ಹಾಗೇ ಹಿಡಿದುಕೊಂಡು ಮಗನ ಜೊತೆ ಬಸ್ಸು ಹತ್ತಿ. ನಾನು ಮಿಷನ್ನಿಗೆ ದಾರ ಪೋಣಿಸಿಕೊಂಡು ಕೂತಿರುತ್ತೇನೆ.